ಪುಟ್ಟ ದೋಣಿಗೊಂದು ಲಗಾಮು

1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಿಕೋಲಾ ಟೆಸ್ಲಾ ಒಂದು ಪುಟ್ಟ ದೋಣಿಯನ್ನು ತಂತಿಯ ಹಂಗಿಲ್ಲದೆ, ರೇಡಿಯೋ ಅಲೆಗಳಿಂದಲೇ ನಡೆಸಿ ತೋರಿಸಿದನು. ಅಂದು ಇಂದ್ರಜಾಲದಂತಿದ್ದ ವಿದ್ಯೆ ಇಂದು ವಿರಾಮದ ವಿನೋದವಾಗಿದೆ. ಆದರೆ ಕೊಳದ ನಡುವೆ ದೋಣಿ ನಿಶ್ಚೇಷ್ಟವಾಗಿ ನಿಂತಾಗ ದಡದಲ್ಲಿರುವ ಒಡೆಯನ ಪಾಡು ವಿನೋದವಲ್ಲ. ತಿಂಗಳುಗಟ್ಟಲೆ ಮರ ಕೆತ್ತಿ, ಬಣ್ಣ ಬಳಿದು ರೂಪಿಸಿದ ವಸ್ತು ಕಣ್ಣೆದುರಿಗಿದ್ದೂ ಕೈಗೆ ಎಟುಕದು. ಅನೇಕ ವೇಳೆ ಈ ವಿಪತ್ತಿಗೆ ಮೂಲ, ಬೆಂಕಿಪೊಟ್ಟಣದಷ್ಟೇ ಚಿಕ್ಕದಾದ ಒಂದು ಉಪಕರಣ: ವಿದ್ಯುನ್ಮಾನ ವೇಗ ನಿಯಂತ್ರಕ.

ಹಿಂದೆ ಮೋಟಾರಿನ ವೇಗವನ್ನು ತಗ್ಗಿಸಲು ರೋಧಕದ ಸುರುಳಿಯನ್ನು ಬಳಸುತ್ತಿದ್ದರು. ವಿದ್ಯುತ್ತಿನ ಒಂದು ಪಾಲು ಬರಿಯ ಶಾಖವಾಗಿ ಪೋಲಾಗುತ್ತಿತ್ತು. ನಿಯಂತ್ರಕದ ಬಗೆಯೇ ಬೇರೆ. ಅದು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಹರಿಸಿ ತಡೆಯುತ್ತದೆ. ಹರಿಯುವ ಅವಧಿ ಹೆಚ್ಚಿದಂತೆ ವೇಗವೂ ಹೆಚ್ಚುತ್ತದೆ.

ಇದನ್ನು ಆರಿಸುವಾಗ, ಓಡುವ ಮೋಟಾರು ಎಷ್ಟು ಆಂಪಿಯರ್ ಸೆಳೆಯುವುದೆಂದು ತಿಳಿದರೆ ಸಾಲದು. ತಡೆದು ನಿಂತ ಮೋಟಾರು ಎಷ್ಟು ಸೆಳೆಯುವುದೆಂಬುದೇ ಮುಖ್ಯ. ಜೊಂಡು ಸುತ್ತಿಕೊಂಡು ಪ್ರೊಪೆಲರ್ ನಿಂತರೆ, 4 ಆಂಪಿಯರಿಗೆ ತೃಪ್ತವಾಗಿದ್ದ ಮೋಟಾರು 20 ಆಂಪಿಯರ್ ಬೇಡೀತು. ಅಂಥದಕ್ಕೆ 30 ಆಂಪಿಯರಿನ ನಿಯಂತ್ರಕವೇ ಕ್ಷೇಮ. ಬ್ಯಾಟರಿಯ ವೋಲ್ಟೇಜಿಗೂ ಅದು ಒಗ್ಗಬೇಕು. ಬ್ರಷ್ ಇರುವ ಮೋಟಾರಿಗೂ ಇಲ್ಲದ್ದಕ್ಕೂ ನಿಯಂತ್ರಕ ಬೇರೆ ಬೇರೆ. ಕಾರಿನ ನಿಯಂತ್ರಕ ಹಿಂದೆ ಸರಿಯುವ ಮೊದಲು ಬ್ರೇಕು ಹಾಕುವುದುಂಟು. ದೋಣಿಗೆ ಬೇಕಾದುದು ಬ್ರೇಕಲ್ಲ, ಒಡನೆಯ ಹಿಂಚಲನೆ.

ಇನ್ನು ತಂತಿ ಜೋಡಣೆ. ಬ್ಯಾಟರಿಯ ಧನ ಧ್ರುವದ ಕೆಂಪು ತಂತಿಯಲ್ಲಿ, ಬ್ಯಾಟರಿಗೆ ಆದಷ್ಟು ಸಮೀಪದಲ್ಲಿ, ಒಂದು ಫ್ಯೂಸ್ ಇರಲಿ. ಮೇಲಿನ ಉದಾಹರಣೆಗೆ 10 ಆಂಪಿಯರಿನದು ಸಾಕು. ಧನ ಋಣಗಳು ಒಮ್ಮೆ ಅದಲು ಬದಲಾದರೂ ನಿಯಂತ್ರಕ ಕ್ಷಣಾರ್ಧದಲ್ಲಿ ಹಾಳಾಗಬಹುದು. ಬ್ರಷ್ ಮೋಟಾರಿನ ಕಿಡಿಗಳು ರೇಡಿಯೋ ಸಂಕೇತವನ್ನು ಕೆಡಿಸದಂತೆ ಅದರ ಎರಡು ತುದಿಗಳ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಬೆಸೆಯುವುದು ವಾಡಿಕೆ. ಬ್ರಷ್ ಇಲ್ಲದ ಮೋಟಾರು ತಿರುಗುಮುರುಗಾಗಿ ತಿರುಗಿದರೆ ಅದರ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರಾಯಿತು. ಅನೇಕ ನಿಯಂತ್ರಕಗಳು ರಿಸೀವರಿಗೂ ಚುಕ್ಕಾಣಿಯ ಸರ್ವೋಗೂ ವಿದ್ಯುತ್ತನ್ನು ಒದಗಿಸುತ್ತವೆ. ದೋಣಿಯಲ್ಲಿ ಅಂಥವು ಎರಡಿದ್ದರೆ, ಒಂದರಿಂದ ರಿಸೀವರಿಗೆ ಹೋಗುವ ಕೆಂಪು ತಂತಿಯನ್ನು ಬಿಡಿಸಿಡುವುದು ಲೇಸು. ಒಂದು ಮನೆಗೆ ಇಬ್ಬರು ಯಜಮಾನರು ಸಲ್ಲ.

ಕೊಳಕ್ಕೆ ಇಳಿಸುವ ಮುನ್ನ ನೀರು ತುಂಬಿದ ತೊಟ್ಟಿಯಲ್ಲಿ ದೋಣಿಯನ್ನು ಹಿಡಿದು, ಪೂರ್ಣ ವೇಗದಲ್ಲಿ ಮೋಟಾರು ಸೆಳೆಯುವ ವಿದ್ಯುತ್ತನ್ನು ಅಮ್ಮೀಟರಿನಿಂದ ಅಳೆಯಿರಿ. ಕೈಯಲ್ಲಿರುವ ಟ್ರಾನ್ಸ್‌ಮಿಟರನ್ನು ಮೊದಲು ಹಚ್ಚಿ, ದೋಣಿಯನ್ನು ಆಮೇಲೆ. ಆರಿಸುವಾಗ ದೋಣಿ ಮೊದಲು.

ಫ್ಯೂಸ್ ಕರಗಿದರೂ ದೋಣಿ ನಿಲ್ಲುವುದು ನಿಜ. ಆದರೆ ಗಾಳಿ ಅದನ್ನು ಎಂದಾದರೊಮ್ಮೆ ದಡಕ್ಕೆ ತಂದೀತು. ಹೊಸ ಫ್ಯೂಸ್ ಹಾಕಿದರೆ ಮತ್ತೆ ಹೊರಟೀತು. ತಂತಿ ಹೊತ್ತಿ ನಡುನೀರಿನಲ್ಲಿ ಉರಿದ ದೋಣಿಗೆ ಆ ಭಾಗ್ಯವಿಲ್ಲ.