ಹಾವಿನ ವಿಷ ಮತ್ತು ಗಣಕಯಂತ್ರ

ನಾಸಿಕದ ದ್ರಾಕ್ಷಿತೋಟಗಳಲ್ಲಿಯೂ ಛತ್ರಪತಿ ಸಂಭಾಜಿನಗರದ ಹತ್ತಿಹೊಲಗಳಲ್ಲಿಯೂ ದುಡಿಯುವವರಿಗೆ ಮಳೆಗಾಲವೆಂದರೆ ಹಾವಿನ ಭಯದ ಕಾಲವೂ ಹೌದು. ಮರಾಠಿಯಲ್ಲಿ ನಾಗ, ಮಣ್ಯಾರ್, ಘೋಣಸ್, ಫುರಸೆ ಎಂದೂ ಕನ್ನಡದಲ್ಲಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂದೂ ಕರೆಯಲ್ಪಡುವ ನಾಲ್ಕು ಜಾತಿಗಳೇ ದೇಶದಲ್ಲಿ ಬಹುಪಾಲು ಸಾವುಗಳಿಗೆ ಕಾರಣ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷವೆಂದು 2020ರ ಅಧ್ಯಯನವೊಂದರ ಅಂದಾಜು. ಬಡವನ ಬೇನೆಗೆ ಮದ್ದು ಹುಡುಕುವವರು ವಿರಳ; ವಿಶ್ವ ಆರೋಗ್ಯ ಸಂಸ್ಥೆ ಹಾವಿನ ಕಡಿತವನ್ನು ಅಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿದ್ದೇ 2017ರಲ್ಲಿ.

ಸದ್ಯಕ್ಕಿರುವ ಔಷಧ 19ನೆಯ ಶತಮಾನದ ಕೊನೆಯದು. ವಿಷವನ್ನು ಅಲ್ಪಪ್ರಮಾಣದಲ್ಲಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸಿ ಮಾಡುವಂಥದು. ಅದು ಅಸಂಖ್ಯ ಜೀವಗಳನ್ನು ಉಳಿಸಿದೆ. ಆದರೆ ಕುದುರೆಯ ಪ್ರೋಟೀನು ಕೆಲವರಿಗೆ ಒಗ್ಗುವುದಿಲ್ಲ. ಅಲ್ಲದೆ, ಪ್ರಾಂತದಿಂದ ಪ್ರಾಂತಕ್ಕೆ ಒಂದೇ ಜಾತಿಯ ಹಾವಿನ ವಿಷವೂ ಬೇರೆಯಾಗುವುದರಿಂದ ಔಷಧ ಎಲ್ಲೆಡೆ ಸಮನಾಗಿ ಫಲಿಸದೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುಣಗಾರ್ ಮತ್ತು ಸಂಗಡಿಗರು ತೋರಿಸಿದ್ದಾರೆ.

ವಿಷದ ಬಹುಭಾಗವೂ ಪ್ರೋಟೀನೇ. ಹಿಂದಿನ ಶಾಲಾಪುಸ್ತಕಗಳ ಸಸಾರಜನಕ. ಇಪ್ಪತ್ತು ಬಗೆಯ ಅಮೈನೊ ಆಮ್ಲಗಳು ಮಣಿಗಳಂತೆ ಪೋಣಿಸಲ್ಪಟ್ಟು, ಆ ಸರ ಮಡಿಚಿಕೊಂಡು ಒಂದು ಆಕಾರ ತಳೆಯುತ್ತದೆ. ಕೊಲ್ಲುವುದೂ ಕಾಯುವುದೂ ಆ ಆಕಾರವೇ. ಸರದ ಕೊಂಡಿಗಳು ಯಾವ ಕೋನಗಳಲ್ಲಿ ತಿರುಗಬಲ್ಲವೆಂಬ ನಕ್ಷೆಯನ್ನು 1963ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಸಹೋದ್ಯೋಗಿಗಳೊಡನೆ ಪ್ರಕಟಿಸಿದರು. ಮುಂದೆ ಅವರು ಬೆಂಗಳೂರಿನಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಪ್ರೋಟೀನಿನ ರಚನೆಯನ್ನು ಪರೀಕ್ಷಿಸುವವರು ಇಂದಿಗೂ ಆ ನಕ್ಷೆಯನ್ನು ನೋಡುತ್ತಾರೆ.

ಪ್ರಕೃತಿಯಲ್ಲಿಲ್ಲದ ಆಕಾರವೊಂದನ್ನು ಗಣಕಯಂತ್ರದಲ್ಲಿ ರೂಪಿಸಿ, ಪ್ರಯೋಗಾಲಯದಲ್ಲಿ ನಿಜವಾಗಿಸಿದವರು ಅಮೆರಿಕದ ಡೇವಿಡ್ ಬೇಕರ್ ಅವರ ತಂಡದವರು. ಅದು 2003ರ ಸಂಗತಿ. 2024ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದ ಅರ್ಧಭಾಗ ಬೇಕರ್ ಅವರಿಗೆ ಸಂದಿತು. ಬಹುಮಾನಕ್ಕಿಂತ ಹೆಚ್ಚಿನ ಮಾತೆಂದರೆ, ಅವರ ತಂಡದ ಆರ್‌ಎಫ್‌ಡಿಫ್ಯೂಷನ್ ಎಂಬ ತಂತ್ರಾಂಶವನ್ನು 2023ರಲ್ಲಿ ಯಾರು ಬೇಕಾದರೂ ಉಚಿತವಾಗಿ ಪಡೆದು, ತಿದ್ದಿ, ಬಳಸುವಂತೆ ಬಿಡುಗಡೆ ಮಾಡಿದ್ದು. ಈ ಕ್ಷೇತ್ರದಲ್ಲಿ ಎಲ್ಲರೂ ಹೀಗೆ ಕೈಬಿಚ್ಚಿಲ್ಲ. 2024ರ ಮೇ ತಿಂಗಳಲ್ಲಿ ಆಲ್ಫಾಫೋಲ್ಡ್ 3ರ ವಿವರ ಪ್ರಕಟವಾದಾಗ ಅದರ ಸಂಕೇತಲಿಪಿ ಹೊರಬರಲಿಲ್ಲ, ವಿಜ್ಞಾನಿಗಳು ಆಕ್ಷೇಪಿಸಿದರು. ನವೆಂಬರಿನಲ್ಲಿ ಬಂದಾಗಲೂ ವಾಣಿಜ್ಯದ ಬಳಕೆಗೆ ಅವಕಾಶವಿರಲಿಲ್ಲ.

2025ರ ಜನವರಿಯಲ್ಲಿ ಬೇಕರ್ ಅವರ ತಂಡವೂ ಡೆನ್ಮಾರ್ಕಿನ ವಿಜ್ಞಾನಿಗಳೂ ಕೂಡಿ ಆ ತಂತ್ರಾಂಶದಿಂದ ರೂಪಿಸಿದ ಪುಟ್ಟ ಪ್ರೋಟೀನುಗಳನ್ನು ವರದಿ ಮಾಡಿದರು. ನಾಗರಹಾವಿನ ಬಳಗದ ನರವಿಷಗಳಿಗೆ ಇವು ಬೀಗಕ್ಕೆ ಬೀಗದ ಕೈಯಂತೆ ಕೂರುತ್ತವೆ; ಮಾರಕ ಪ್ರಮಾಣದ ನರವಿಷ ಪಡೆದ ಇಲಿಗಳು ಬದುಕಿದವು. ಕುದುರೆ ಬೇಡ, ಸೂಕ್ಷ್ಮಜೀವಿಗಳಲ್ಲಿಯೇ ಬೆಳೆಸಬಹುದು. ಆದರೆ ಮನುಷ್ಯರ ಮೇಲಿನ ಪರೀಕ್ಷೆ ಈ ಪ್ರಯೋಗದ ಭಾಗವಾಗಿರಲಿಲ್ಲ. ರಕ್ತವನ್ನು ಕೆಡಿಸುವ ಮಂಡಲದ ಹಾವುಗಳ ವಿಷವೂ ಇದರಲ್ಲಿ ಸೇರಿಲ್ಲ. ಅವಕ್ಕೆ ಬೇರೆಯೇ ಕೀಲಿ ಬೇಕು.

ಆ ಕೀಲಿಯನ್ನು ರೂಪಿಸುವ ತಂತ್ರಾಂಶ ಸಂಭಾಜಿನಗರದ ಮರಾಠವಾಡಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗೂ ಕಾಸಿಲ್ಲದೆ ದೊರೆಯುತ್ತದೆ. ಶಕ್ತಿಯುತ ಗಣಕಯಂತ್ರವೂ, ಸ್ಥಳೀಯ ಹಾವುಗಳ ವಿಷದ ಅರಿವೂ, ರೂಪಿಸಿದ್ದನ್ನು ಪರೀಕ್ಷಿಸುವ ಪ್ರಯೋಗಾಲಯವೂ ಮಾತ್ರ ಹಾಗೆ ದೊರೆಯುವಂಥವಲ್ಲ.

ಅಲ್ಲಿಯವರೆಗೆ ಕುದುರೆಯ ಔಷಧವೇ ಗತಿ. ಊರಿಗೆ ಹೋದಾಗ ಯಾರಿಗಾದರೂ ಹಾವು ಕಡಿದರೆ ಗಾಯ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಬಾಯಿಂದ ಹೀರಬಾರದು. ಕಡಿದ ಅಂಗ ಅಲುಗದಂತೆ ನೋಡಿಕೊಂಡು ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿದರೆ ನೋವಾಗಲಿ ಬಾವಾಗಲಿ ಕಾಣದೆಯೂ ಇರಬಹುದು. ರೆಪ್ಪೆ ಜೋತು ಬಿದ್ದರೆ ತಡಮಾಡಲಾಗದು.