ಗಾಯ ಒಣಗಿತು, ಭಯ ಹೋಗಲಿಲ್ಲ ಏಕೆ?



ಕೈ ಮುರಿದರೆ ಕಟ್ಟು ಹಾಕಿಸುತ್ತೇವೆ. ತಲೆ ಒಡೆದರೆ ಹೊಲಿಗೆ ಹಾಕಿಸುತ್ತೇವೆ. ಮನಸ್ಸಿಗೆ ಪೆಟ್ಟು ಬಿದ್ದರೆ ಏನು ಮಾಡುತ್ತೇವೆ? "ಧೈರ್ಯವಾಗಿರು" ಅಂತ ಹೇಳಿ ಸುಮ್ಮನಾಗುತ್ತೇವೆ. ಮನಸ್ಸಿನ ಪೆಟ್ಟಿಗೂ ಮದ್ದು ಇದೆ. ಅದು ಏನು ಅಂತ ಈ ಪಾಠದಲ್ಲಿ ತಿಳಿಯೋಣ.

2022ರಲ್ಲಿ ನಮ್ಮ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಆದವು. 1,68,491 ಜನ ಸತ್ತರು. 4,43,366 ಜನರಿಗೆ ಗಾಯವಾಯಿತು. ಇದು ಸರ್ಕಾರದ ಲೆಕ್ಕ. ಮೈಗೆ ಗಾಯವಾದವರನ್ನು ಮಾತ್ರ ಇಲ್ಲಿ ಎಣಿಸಿದ್ದಾರೆ. ಗಾಯವೇ ಆಗದೆ ಉಳಿದು, ಮನಸ್ಸಿನಲ್ಲಿ ಹೆದರಿದವರು ಈ ಲೆಕ್ಕದಲ್ಲಿ ಇಲ್ಲ.

ಏನಾಗುತ್ತದೆ?

ಒಂದು ಉದಾಹರಣೆ ತಗೊಳ್ಳೋಣ. ಒಬ್ಬ ತಾಯಿ ಮದುವೆಗೆ ಅಂತ ರಾಯದುರ್ಗದಿಂದ ಬಳ್ಳಾರಿಗೆ ಬಾಡಿಗೆ ಕಾರಿನಲ್ಲಿ ಹೊರಟಳು ಅನ್ನಿ. ದಾರಿಯಲ್ಲಿ ಲಾರಿ ಬಂದು ಗುದ್ದಿತು. ಆಕೆಯ ಭುಜಕ್ಕೆ ಪೆಟ್ಟಾಯಿತು. ಎರಡು ತಿಂಗಳಲ್ಲಿ ಭುಜ ವಾಸಿಯಾಯಿತು. ಆದರೆ ಈಗಲೂ ಲಾರಿಯ ಹಾರನ್ ಕೇಳಿದರೆ ಆಕೆಯ ಎದೆ ಝಲ್ ಅಂತದೆ. ರಾತ್ರಿ ಅದೇ ಕನಸು. ಮಗನಿಗೆ ಬೈಕ್ ಮುಟ್ಟಲು ಬಿಡೋದಿಲ್ಲ. ಸಂತೆಗೂ ಹೋಗೋದಿಲ್ಲ. ಸಣ್ಣ ಮಾತಿಗೂ ಸಿಟ್ಟು.

ಮನೆಯವರು ಏನಂತಾರೆ? "ಗಾಳಿ ಸೋಕಿರಬೇಕು, ತಾಯತ ಕಟ್ಟಿಸಿ" ಅಂತಾರೆ. ಇಲ್ಲವೇ, "ಕೆಲಸ ತಪ್ಪಿಸೋಕೆ ನಾಟಕ" ಅಂತಾರೆ. ಎರಡೂ ತಪ್ಪು. ಗಾಳಿಯೂ ಅಲ್ಲ, ನಾಟಕವೂ ಅಲ್ಲ. ಇದು ಮನಸ್ಸಿನ ಗಾಯ.

ಯಾಕೆ ಹೀಗೆ?

ನಮ್ಮ ಮಿದುಳಿನಲ್ಲಿ ಒಬ್ಬ ಕಾವಲುಗಾರ ಇದ್ದಾನೆ ಅಂತ ತಿಳಿಯಿರಿ. ಅಪಾಯ ಬಂದರೆ ಆತ ಕೂಗುತ್ತಾನೆ. ಆಗ ಎದೆ ಬಡಿಯುತ್ತದೆ, ಉಸಿರು ಜೋರಾಗುತ್ತದೆ, ಕೈಕಾಲು ಓಡಲು ಸಿದ್ಧವಾಗುತ್ತವೆ. ಇದು ಜೀವ ಉಳಿಸುವ ಏರ್ಪಾಡು. ದೊಡ್ಡ ಅಪಘಾತ ಆದ ಮೇಲೆ ಈ ಕಾವಲುಗಾರ ಬಹಳ ಹೆದರಿರುತ್ತಾನೆ. ಅಪಾಯ ಇಲ್ಲದಾಗಲೂ ಕೂಗುತ್ತಾನೆ. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ ಅಂತಾರಲ್ಲ, ಹಾಗೆ. ಹಾರನ್, ಪೆಟ್ರೋಲಿನ ವಾಸನೆ, ಬ್ರೇಕಿನ ಸದ್ದು, ಎಲ್ಲವೂ ಆತನಿಗೆ ಹಾವೇ.

ಇದು ಇಂದಿನ ಕಾಯಿಲೆ ಅಲ್ಲ. 1865ರ ಜೂನ್ 9ರಂದು ಇಂಗ್ಲೆಂಡಿನ ಸ್ಟೇಪಲ್‌ಹರ್ಸ್ಟ್ ಎಂಬಲ್ಲಿ ರೈಲು ಹಳಿ ತಪ್ಪಿತು. 10 ಜನ ಸತ್ತರು. ಚಾರ್ಲ್ಸ್ ಡಿಕನ್ಸ್ ಎಂಬ ಹೆಸರಾಂತ ಲೇಖಕರು ಆ ರೈಲಿನಲ್ಲಿ ಇದ್ದರು. ಅವರ ಮೈಗೆ ದೊಡ್ಡ ಗಾಯ ಆಗಲಿಲ್ಲ. ಬಿದ್ದವರಿಗೆ ನೀರು ಕೊಟ್ಟು ಉಪಚರಿಸಿದರು. ಆದರೆ ಆಮೇಲೆ ರೈಲು ಹತ್ತಿದರೆ ಅವರಿಗೇ ನಡುಕ ಬರುತ್ತಿತ್ತು. ಹೆದರಿಕೆ ಓದಿದವರು, ಓದದವರು ಅಂತ ನೋಡಿ ಬರೋದಿಲ್ಲ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಇಂಥ ತೊಂದರೆಗೆ ಪಿ.ಟಿ.ಎಸ್.ಡಿ. ಅಂತ ಹೆಸರಿಟ್ಟು, ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಎಷ್ಟು ದಿನ ಕಾಯಬೇಕು?

ಅಪಘಾತವಾದ ಮೊದಲ ಕೆಲವು ವಾರ ನಿದ್ದೆ ಬಾರದಿರುವುದು, ಬೆಚ್ಚಿ ಬೀಳುವುದು ಸಹಜ. ಬಹಳ ಜನಕ್ಕೆ ಇದು ತಾನಾಗಿಯೇ ಕಡಿಮೆಯಾಗುತ್ತದೆ. ಒಂದು ತಿಂಗಳು ದಾಟಿದರೂ ಕಡಿಮೆಯಾಗದೆ, ಕೆಲಸಕ್ಕೆ, ಸಂಸಾರಕ್ಕೆ ಅಡ್ಡಿಯಾದರೆ ಡಾಕ್ಟರಿಗೆ ತೋರಿಸಬೇಕು. ತಲೆಗೆ ಪೆಟ್ಟು ಬಿದ್ದಿದ್ದರೆ ಕಾಯಬೇಡಿ. ಮರೆವು, ತಲೆನೋವು, ತಲೆಸುತ್ತು ಮಿದುಳಿನ ಪೆಟ್ಟಿನಿಂದಲೂ ಬರಬಹುದು.

ಮಕ್ಕಳು ಬಾಯಿಬಿಟ್ಟು ಹೇಳೋದಿಲ್ಲ. ಹಾಸಿಗೆಯಲ್ಲಿ ಉಚ್ಚೆ ಮಾಡುತ್ತಾರೆ. ತಾಯಿಯ ಸೆರಗು ಬಿಡೋದಿಲ್ಲ. ಆಟದ ಕಾರನ್ನು ಮತ್ತೆ ಮತ್ತೆ ಗುದ್ದಿಸಿ ಆಡುತ್ತಾರೆ. ಅವರನ್ನು ಬೈಯಬೇಡಿ, ಹತ್ತಿರ ಕೂರಿಸಿಕೊಳ್ಳಿ.

ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ

ಭಯ ಆಗುವ ಜಾಗಕ್ಕೆ ಹೋಗದಿದ್ದರೆ ಆ ಹೊತ್ತಿಗೆ ಹಾಯ್ ಅನಿಸುತ್ತದೆ. ಆದರೆ ಕಾವಲುಗಾರ ಏನು ಕಲಿಯುತ್ತಾನೆ? "ಹೋಗದೇ ಇದ್ದಿದ್ದಕ್ಕೇ ಬದುಕಿದೆ" ಅಂತ ಕಲಿಯುತ್ತಾನೆ. ಮುಂದಿನ ಸಲ ಇನ್ನೂ ಜೋರಾಗಿ ಕೂಗುತ್ತಾನೆ. ಹಾಗಂತ ಒಮ್ಮೆಲೇ ಹೆದ್ದಾರಿಗೆ ಎಳೆದೊಯ್ಯುವುದೂ ಸರಿಯಲ್ಲ. ಮೆಟ್ಟಿಲು ಹತ್ತಿದಂತೆ ಹತ್ತಬೇಕು.

ಮೊದಲ ಮೆಟ್ಟಿಲು: ನಿಂತ ಕಾರಿನಲ್ಲಿ ಸುಮ್ಮನೆ ಕೂರಿ.
ಎರಡನೆಯದು: ಇಂಜಿನ್ ಚಾಲೂ ಮಾಡಿಸಿ ಕೂರಿ.
ಮೂರನೆಯದು: ಊರೊಳಗೇ ಒಂದು ಸುತ್ತು ಹಾಕಿ.
ನಾಲ್ಕನೆಯದು: ಹಗಲು ಹೊತ್ತು ಪಕ್ಕದ ಊರಿಗೆ ಹೋಗಿ ಬನ್ನಿ.
ಐದನೆಯದು: ನಂಬಿಕೆಯವರ ಜೊತೆ ಅಪಘಾತವಾದ ದಾರಿಯಲ್ಲಿ ಹೋಗಿ ಬನ್ನಿ.

ಒಂದು ಮೆಟ್ಟಿಲಲ್ಲಿ ಭಯ ಕಡಿಮೆಯಾಗುವ ತನಕ ನಿಲ್ಲಿ. ಅದನ್ನೇ ನಾಲ್ಕಾರು ದಿನ ಮಾಡಿ. ಆಮೇಲೆ ಮುಂದಿನದು. ಎದೆ ಬಡಿದುಕೊಂಡರೆ ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ಸುತ್ತ ಕಾಣುವ ಐದು ವಸ್ತುಗಳ ಹೆಸರು ಹೇಳಿ. "ಅದು ಅಂದು ಆಗಿದ್ದು, ಇಂದು ನಾನು ಇಲ್ಲಿದ್ದೇನೆ" ಅಂತ ಮನಸ್ಸಿಗೆ ಗೊತ್ತಾಗುತ್ತದೆ. ಭಯ ಬಹಳ ಜೋರಾಗಿದ್ದರೆ ಈ ಮೆಟ್ಟಿಲುಗಳನ್ನು ಒಬ್ಬರೇ ಹತ್ತಬೇಡಿ, ಡಾಕ್ಟರ ಸಹಾಯದಿಂದ ಹತ್ತಿ.

ಡ್ರೈವರ್ ಅಣ್ಣಂದಿರಿಗೆ ಒಂದು ಮಾತು

ಸ್ಟೇರಿಂಗ್ ಹಿಡಿದರೆ ಕೈ ನಡುಗುತ್ತದೆ ಅಂತ ಯಾರ ಮುಂದೆ ಹೇಳೋದು? ಹೇಳಿದರೆ ಮಾಲೀಕ ಬಿಡಿಸುತ್ತಾನೆ ಅಂತ ಹೆದರಿಕೆ. ಜೊತೆಗೆ ಕೂತವರು ಸತ್ತು ತಾನು ಉಳಿದಿದ್ದರೆ, "ನನ್ನಿಂದಲೇ ಹೋದರು" ಅಂತ ಒಳಗೊಳಗೇ ಸಂಕಟ. ಇದನ್ನು ಮರೆಯಲು ಕೆಲವರು ಕುಡಿಯುತ್ತಾರೆ. ಕುಡಿದರೆ ನಿದ್ದೆ ಬಂದಂತೆ ಅನಿಸುತ್ತದೆ, ಆದರೆ ಆ ನಿದ್ದೆ ಕೆಡುತ್ತದೆ, ಭಯವೂ ಹಾಗೇ ಉಳಿಯುತ್ತದೆ. ಮತ್ತೆ ಗಾಡಿ ಹತ್ತಿದರೆ ಇನ್ನೊಂದು ಅಪಘಾತ. ಮೆಡಿಕಲ್ ಶಾಪಿನಲ್ಲಿ ಕೇಳಿ ನಿದ್ದೆ ಮಾತ್ರೆ ತಗೊಳ್ಳುವುದೂ ಬೇಡ. ಒಬ್ಬ ನಂಬಿಕೆಯ ಗೆಳೆಯನಿಗೆ, ಇಲ್ಲವೇ ಹೆಂಡತಿಗೆ ಬಾಯಿಬಿಟ್ಟು ಹೇಳಿ. ಹೇಳುವುದು ಹೇಡಿತನ ಅಲ್ಲ.

ಚಿಕಿತ್ಸೆ ಹೇಗಿರುತ್ತದೆ?

ಮುಖ್ಯವಾದುದು ಮಾತಿನ ಚಿಕಿತ್ಸೆ. ತರಬೇತಿ ಪಡೆದವರು ನಿಮ್ಮನ್ನು ಕೂರಿಸಿಕೊಂಡು, ಆದದ್ದನ್ನು ನಿಧಾನವಾಗಿ ನಿಮ್ಮ ಬಾಯಿಂದಲೇ ಹೇಳಿಸುತ್ತಾರೆ. ಭಯದ ಮೆಟ್ಟಿಲು ಹತ್ತಿಸುತ್ತಾರೆ. ಸಾಮಾನ್ಯವಾಗಿ 8ರಿಂದ 12 ಸಲ ಹೋಗಬೇಕಾಗುತ್ತದೆ. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ. ಮಾತ್ರೆ ಗುಣ ತೋರಿಸಲು ಕೆಲವು ವಾರ ಬೇಕು. ನಡುವೆ ನಾವೇ ನಿಲ್ಲಿಸಬಾರದು.

ಇದಕ್ಕೆ ದೊಡ್ಡ ಊರಿಗೇ ಹೋಗಬೇಕು ಅಂತ ಇಲ್ಲ. ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಒಂದು ಪ್ರಯೋಗ ಮಾಡಿದರು. ಸಣ್ಣ ಆಸ್ಪತ್ರೆಯ ಡಾಕ್ಟರುಗಳಿಗೂ ಮನಸ್ಸಿನ ಕಾಯಿಲೆ ನೋಡುವ ತರಬೇತಿ ಕೊಟ್ಟರು. ಅದೇ ದೇಶಕ್ಕೆ ಮಾದರಿಯಾಯಿತು. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆದ್ದರಿಂದ ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಅವರು ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೇಳುವುದು ನಿಮ್ಮ ಹಕ್ಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಹೀಗೆ ಹೇಳುತ್ತದೆ. ನಿಮ್ಮ ವಿಷಯವನ್ನು ಗುಟ್ಟಾಗಿ ಇಡಬೇಕು ಅಂತಲೂ ಹೇಳುತ್ತದೆ.

ಫೋನಿನಲ್ಲೂ ಸಹಾಯ ಸಿಗುತ್ತದೆ. 14416ಕ್ಕೆ ಫೋನ್ ಮಾಡಿ. ಇದರ ಹೆಸರು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಸರ್ಕಾರ ಇದನ್ನು ಆರಂಭಿಸಿತು. ದುಡ್ಡು ಬೇಕಿಲ್ಲ. ಹಗಲು ರಾತ್ರಿ ಇರುತ್ತದೆ. ತೆಲುಗು ಬಾರದಿದ್ದರೆ "ಕನ್ನಡದಲ್ಲಿ ಮಾತಾಡಬೇಕು" ಅಂತ ಕೇಳಿ. ಸಾಯುವ ಯೋಚನೆ ಬರುತ್ತಿದ್ದರೆ ಬೆಳಗಾಗುವ ತನಕ ಕಾಯಬೇಡಿ. ಆಗಲೇ ಫೋನ್ ಮಾಡಿ. ಮನೆಯವರು ಅವರನ್ನು ಒಬ್ಬರೇ ಬಿಡಬೇಡಿ.

ಮನೆಯವರು ಏನು ಮಾಡಬೇಕು?

ಹೇಳಿದರೆ ಕೇಳಿ. ಹೇಳದಿದ್ದರೆ ಕೆದಕಬೇಡಿ. "ಎಲ್ಲ ಮರೆತುಬಿಡು" ಅನ್ನಬೇಡಿ, ಮರೆಯುವುದು ಅವರ ಕೈಯಲ್ಲಿ ಇಲ್ಲ. ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ, ಒಂದಿಷ್ಟು ಕೆಲಸ ಇರಲಿ. ದೇವರಿಗೆ ಹೋಗಿ ಬಂದರೆ ಸಮಾಧಾನ ಸಿಗುವುದಾದರೆ ಹೋಗಿ ಬನ್ನಿ, ಆದರೆ ಡಾಕ್ಟರನ್ನು ಬಿಡಬೇಡಿ.

ಗುಂಪಿನಲ್ಲಿ ಮಾತಾಡಿ:
1. ನಿಮ್ಮ ಊರಲ್ಲಿ ಅಪಘಾತದ ಮೇಲೆ ಗಾಡಿ ಹತ್ತಲು ಹೆದರುವವರು ಇದ್ದಾರೆಯೇ? ಅವರಿಗೆ ಊರವರು ಏನಂತಾರೆ?
2. ಮೊದಲ ಮೆಟ್ಟಿಲು ಹತ್ತುವಾಗ ಅವರ ಜೊತೆ ಯಾರು ಕೂರಬಹುದು?
3. 14416. ಈ ಸಂಖ್ಯೆಯನ್ನು ನಿಮ್ಮ ಕೈಯಿಂದಲೇ ದೊಡ್ಡದಾಗಿ ಬರೆದು ಮನೆಯ ಗೋಡೆಗೆ ಅಂಟಿಸಿ.