ಮರದ ಅನಿಲದಲ್ಲಿನ ಕಲ್ಮಶಗಳು: ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಸೌದೆ, ಭತ್ತದ ಹೊಟ್ಟು, ಗರಗಸದ ಪುಡಿ ಮತ್ತು ಕಾಳು ಬಿಡಿಸಿದ ಗೋವಿನಜೋಳದ ತೆನೆಗಳಿಂದ ಅನಿಲ ತಯಾರಿಸಿ, ಅದರಿಂದ ಶಾಖ ಅಥವಾ ವಿದ್ಯುತ್ತನ್ನು ಪಡೆಯುವ ಘಟಕಕ್ಕೆ ಗ್ಯಾಸಿಫೈಯರ್ ಎಂದು ಹೆಸರು. ಅಕ್ಕಿ ಗಿರಣಿ, ಸಾಮಿಲ್ ಹಾಗೂ ಅಡಿಕೆ ಸಂಸ್ಕರಣೆಯ ಮಾಲೀಕರು ಇಂತಹ ಘಟಕ ಸ್ಥಾಪಿಸಲು ಅರ್ಜಿ ಸಲ್ಲಿಸುವ ಮುನ್ನ, ಅನಿಲದ ಶುದ್ಧತೆಯ ವಿಷಯವನ್ನು ಅರಿತಿರುವುದು ಅವಶ್ಯಕ. ಘಟಕ ಲಾಭದಲ್ಲಿ ನಡೆಯುವುದೇ ಅಥವಾ ಎಂಜಿನ್ ಕೆಟ್ಟು ಮೂಲೆ ಸೇರುವುದೇ ಎಂಬುದು ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ. ಈ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ನೀಡಲಾಗಿದೆ.

ಅನಿಲದಲ್ಲಿ ಏನೇನಿದೆ?

ಸೌದೆಯನ್ನು ಪೂರ್ತಿ ಉರಿಯಲು ಸಾಲದಷ್ಟು ಗಾಳಿಯಲ್ಲಿ ಬಿಸಿ ಮಾಡಿದಾಗ ಉರಿಯುವ ಗುಣವುಳ್ಳ ಅನಿಲವು ಹೊರಬರುತ್ತದೆ. ಗಾಳಿಯನ್ನು ಬಳಸಿ ತಯಾರಿಸಿದ ಇಂತಹ ಅನಿಲದಲ್ಲಿ ಸಾಮಾನ್ಯವಾಗಿ ಶೇ. 18ರಿಂದ 22 ಇಂಗಾಲದ ಮೊನಾಕ್ಸೈಡ್, ಶೇ. 15ರಿಂದ 20 ಜಲಜನಕ ಹಾಗೂ ಶೇ. 1ರಿಂದ 3 ಮೀಥೇನ್ ಇರುತ್ತವೆ. ಉಳಿದ ಭಾಗವು ಬಹುತೇಕ ಸಾರಜನಕ ಮತ್ತು ಇಂಗಾಲದ ಡೈಆಕ್ಸೈಡ್ ಆಗಿದ್ದು, ಅವು ಉರಿಯುವುದಿಲ್ಲ. ಗಾಳಿಯ ಬದಲು ಆಮ್ಲಜನಕ ಅಥವಾ ಹಬೆಯನ್ನು ಬಳಸಿದರೆ ಸಾರಜನಕದ ಪಾಲು ತಗ್ಗುತ್ತದೆ. ಹೀಗೆ ದೊರೆಯುವ, ದ್ರವ ಇಂಧನ ತಯಾರಿಕೆಗೆ ಒದಗುವ ಅನಿಲವನ್ನು ಸಿನ್‌ಗ್ಯಾಸ್ ಎನ್ನುತ್ತಾರೆ.

ಇವುಗಳ ಜೊತೆಗೆ ಬೇಡವಾದ ಪದಾರ್ಥಗಳೂ ಹೊರಬರುತ್ತವೆ. ಅವುಗಳಲ್ಲಿ ಮುಖ್ಯವಾದವು ಕೆಳಕಂಡಂತಿವೆ.

1. ಟಾರ್: ಡಾಂಬರಿನಂತಹ ಅಂಟು ಪದಾರ್ಥ. ಅನಿಲ ಬಿಸಿಯಾಗಿರುವಾಗ ಆವಿಯಾಗಿದ್ದು, ತಣ್ಣಗಾದಂತೆ ಕೊಳವೆ, ಕವಾಟ ಮತ್ತು ಎಂಜಿನ್ನಿನೊಳಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

2. ಧೂಳು ಮತ್ತು ಬೂದಿ: ಎಂಜಿನ್ನಿನ ಸಿಲಿಂಡರನ್ನು ಸವೆಸುತ್ತವೆ. ಉತ್ತಮ ಸೌದೆಯಲ್ಲಿ ಬೂದಿಯ ಅಂಶ ಶೇ. 1ರಿಂದ 2ರಷ್ಟಿದ್ದರೆ, ಭತ್ತದ ಹೊಟ್ಟಿನಲ್ಲಿ ಸುಮಾರು ಶೇ. 20ರಷ್ಟಿರುತ್ತದೆ. ಹೊಟ್ಟಿನ ಬೂದಿಯ ಹೆಚ್ಚಿನ ಭಾಗ ಸಿಲಿಕಾ ಆಗಿರುವುದರಿಂದ ಸವೆತವೂ ಹೆಚ್ಚು.

3. ಗಂಧಕದ ಸಂಯುಕ್ತಗಳು: ಕಲ್ಲಿದ್ದಲಿನ ಅನಿಲದಲ್ಲಿ ಹೆಚ್ಚು, ಸೌದೆಯ ಅನಿಲದಲ್ಲಿ ಕಡಿಮೆ. ಲೋಹವನ್ನು ತಿನ್ನುತ್ತವೆ ಹಾಗೂ ವೇಗವರ್ಧಕಗಳನ್ನು ನಿಷ್ಕ್ರಿಯಗೊಳಿಸುತ್ತವೆ.

4. ಅಮೋನಿಯಾ: ಎಂಜಿನ್ನಿನಲ್ಲಿ ಉರಿದಾಗ ಸಾರಜನಕದ ಆಕ್ಸೈಡುಗಳಾಗಿ ಮಾರ್ಪಟ್ಟು ವಾಯುಮಾಲಿನ್ಯ ಉಂಟುಮಾಡುತ್ತದೆ.

5. ಕ್ಷಾರ ಮತ್ತು ಕ್ಲೋರಿನ್: ಹುಲ್ಲು, ದಂಟು ಮುಂತಾದ ಬೆಳೆಯ ಶೇಷಗಳಲ್ಲಿ ಹೆಚ್ಚು. ಬೂದಿ ಕರಗಿ ಗಡ್ಡೆಗಟ್ಟಲು ಹಾಗೂ ಲೋಹ ತುಕ್ಕು ಹಿಡಿಯಲು ಕಾರಣವಾಗುತ್ತವೆ.

ಯಾವ ಬಳಕೆಗೆ ಎಷ್ಟು ಶುದ್ಧತೆ ಬೇಕು?

ಎಲ್ಲ ಬಳಕೆಗೂ ಒಂದೇ ಪ್ರಮಾಣದ ಶುದ್ಧತೆ ಅಗತ್ಯವಿಲ್ಲ. ಆದ್ದರಿಂದ ಅರ್ಜಿದಾರರು ಮೊದಲು ಬಳಕೆಯನ್ನು ನಿರ್ಧರಿಸಿ, ಅನಂತರ ಘಟಕವನ್ನು ಆಯ್ಕೆ ಮಾಡುವುದು ಸೂಕ್ತ.

ಅ) ಶಾಖಕ್ಕೆ ಮಾತ್ರ: ಭತ್ತ ಕುದಿಸಲು ಅಥವಾ ಅಡಿಕೆ ಬೇಯಿಸಲು ಅನಿಲವನ್ನು ತಣ್ಣಗಾಗಿಸದೆ ನೇರವಾಗಿ ಉರಿಸಬಹುದು. ಟಾರ್ ಆವಿಯ ರೂಪದಲ್ಲೇ ಉರಿದುಹೋಗುವುದರಿಂದ ಧೂಳನ್ನು ಬೇರ್ಪಡಿಸಿದರೆ ಬಹುತೇಕ ಸಾಕು.

ಆ) ಎಂಜಿನ್ ಮತ್ತು ವಿದ್ಯುತ್ತಿಗೆ: ಅನಿಲವನ್ನು ತಣ್ಣಗಾಗಿಸಲೇಬೇಕು. ಒಂದು ಘನಮೀಟರ್ ಅನಿಲದಲ್ಲಿ ಟಾರ್ 100 ಮಿಲಿಗ್ರಾಂ ಹಾಗೂ ಧೂಳು 50 ಮಿಲಿಗ್ರಾಂ ಮೀರಬಾರದೆಂಬುದು ಸಾಮಾನ್ಯವಾಗಿ ಬಳಕೆಯಲ್ಲಿರುವ ಮಿತಿ.

ಇ) ದ್ರವ ಇಂಧನಕ್ಕೆ: ಜರ್ಮನಿಯ ಫ್ರಾನ್ಸ್ ಫಿಷರ್ ಮತ್ತು ಹಾನ್ಸ್ ಟ್ರಾಪ್ಶ್ ಅವರು 1920ರ ದಶಕದಲ್ಲಿ ಕಂಡುಹಿಡಿದ ವಿಧಾನದಿಂದ ಸಿನ್‌ಗ್ಯಾಸನ್ನು ಡೀಸೆಲ್‌ನಂತಹ ಇಂಧನವಾಗಿಸಬಹುದು. ಇದರಲ್ಲಿ ಬಳಸುವ ಕಬ್ಬಿಣ ಅಥವಾ ಕೋಬಾಲ್ಟ್ ವೇಗವರ್ಧಕಕ್ಕೆ ಗಂಧಕವು ವಿಷವಿದ್ದಂತೆ. ಗಂಧಕದ ಪ್ರಮಾಣ ಹತ್ತು ಲಕ್ಷ ಭಾಗಗಳಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಇರಬೇಕಾಗುತ್ತದೆ. ಇಷ್ಟು ಶುದ್ಧೀಕರಣದ ವೆಚ್ಚವನ್ನು ಸಣ್ಣ ಘಟಕವು ಭರಿಸಲಾರದು.

ಒಂದು ಸರಳ ಲೆಕ್ಕ

20 ಕಿಲೋವಾಟ್ ಎಂಜಿನ್ ದಿನಕ್ಕೆ 8 ಗಂಟೆ ನಡೆದರೆ 160 ಯೂನಿಟ್ ವಿದ್ಯುತ್ ದೊರೆಯುತ್ತದೆ. ಒಂದು ಯೂನಿಟ್ಟಿಗೆ ಸುಮಾರು 2.5 ಘನಮೀಟರಿನಂತೆ 400 ಘನಮೀಟರ್ ಅನಿಲ ಬೇಕು. ಶುದ್ಧೀಕರಿಸದ ಅನಿಲದಲ್ಲಿ ಘನಮೀಟರಿಗೆ 1 ಗ್ರಾಂ ಟಾರ್ ಇದೆಯೆಂದುಕೊಂಡರೆ ದಿನಕ್ಕೆ 400 ಗ್ರಾಂ, ವರ್ಷಕ್ಕೆ 300 ದಿನಗಳಂತೆ 120 ಕಿಲೋಗ್ರಾಂ ಟಾರ್ ಎಂಜಿನ್ನಿನ ಬಾಗಿಲಿಗೆ ಬರುತ್ತದೆ. ಮೇಲ್ಕಂಡ ಮಿತಿಯೊಳಗಿದ್ದರೆ ಇದು 12 ಕಿಲೋಗ್ರಾಂ ಮೀರುವುದಿಲ್ಲ. ಶುದ್ಧೀಕರಣದ ಭಾಗವನ್ನು ಕೈಬಿಟ್ಟು ಕಡಿಮೆ ದರ ನಮೂದಿಸುವ ದರಪಟ್ಟಿಯಲ್ಲಿ ಉಳಿತಾಯವೆಂದು ಕಾಣುವ ಮೊತ್ತವು, ಮುಂದೆ ದುರಸ್ತಿಯ ಖಾತೆಗೆ ಖರ್ಚಾಗಿ ಬರುತ್ತದೆ ಎಂಬುದನ್ನು ಗಮನಿಸಬೇಕು.

ರಾಜ್ಯದ ಅನುಭವ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿನ ಅಭಾವವಿದ್ದಾಗ ನಮ್ಮ ನಾಡಿನಲ್ಲಿಯೂ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದವು. ಇದ್ದಿಲು ಮಾಡುವಾಗಲೇ ಟಾರಿನ ಹೆಚ್ಚಿನ ಭಾಗ ಹೊರಹೋಗಿರುವುದರಿಂದ ಎಂಜಿನ್ನಿಗೆ ತೊಂದರೆ ಕಡಿಮೆಯಿತ್ತು. ಆದರೆ ಇದ್ದಿಲು ಮಾಡುವಲ್ಲಿ ಸೌದೆಯ ಶಕ್ತಿಯ ದೊಡ್ಡ ಪಾಲು ನಷ್ಟವಾಗುತ್ತದೆ.

ಸೌದೆಯಿಂದಲೇ ಶುದ್ಧ ಅನಿಲ ಪಡೆಯುವ ಕಾರ್ಯವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಕೈಗೊಂಡಿತು. 1988ರಲ್ಲಿ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಸಂಸ್ಥೆಯ ಘಟಕ ಆರಂಭವಾಗಿ, ಮನೆಗಳಿಗೆ ದೀಪ, ಕುಡಿಯುವ ನೀರು ಮತ್ತು ಹಿಟ್ಟಿನ ಗಿರಣಿಗೆ ವಿದ್ಯುತ್ ಒದಗಿಸಿತು. ಡೀಸೆಲ್ ಎಂಜಿನ್ನಿಗೆ ಈ ಅನಿಲವನ್ನು ಸೇರಿಸಿ ನಡೆಸಲಾಗುತ್ತಿತ್ತು. ಅನಂತರ ತುಮಕೂರು ಜಿಲ್ಲೆಯ ಕಬ್ಬಿಗೆರೆಯಲ್ಲಿ 500 ಕಿಲೋವಾಟ್ ಸಾಮರ್ಥ್ಯದ ಕೇಂದ್ರವು 2007ರಿಂದ ವಿದ್ಯುತ್ ಜಾಲಕ್ಕೆ ವಿದ್ಯುತ್ ನೀಡಿತು. ಅನಿಲವು ಕೆಂಡದ ಪದರದ ಮೂಲಕ ಕೆಳಮುಖವಾಗಿ ಹಾದುಹೋದಾಗ ಟಾರಿನ ಬಹುಭಾಗ ಅಲ್ಲಿಯೇ ಒಡೆಯುತ್ತದೆ. ಉಳಿದುದನ್ನು ಸೈಕ್ಲೋನ್, ನೀರಿನ ತೊಳೆಯುವಿಕೆ ಮತ್ತು ಶೋಧಕಗಳಿಂದ ತೆಗೆಯಲಾಗುತ್ತದೆ.

ನಾಲ್ಕು ತಾಲ್ಲೂಕುಗಳ ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ತೇವಾಂಶ: ಸೌದೆಯ ತೇವಾಂಶವು ಶೇ. 15ರಿಂದ 20ನ್ನು ಮೀರಿದರೆ ಒಲೆಯ ಉಷ್ಣತೆ ತಗ್ಗಿ ಟಾರ್ ಹೆಚ್ಚುತ್ತದೆ. ಜೋಯಿಡಾ ಮತ್ತು ದಾಂಡೇಲಿ ಭಾಗದ ಮಳೆಗಾಲದಲ್ಲಿ ಸೌದೆ ತಾನಾಗಿ ಒಣಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಾಸ್ತಾನಿಗೆ ಮುಚ್ಚಿದ ಗೋದಾಮು ಇರಬೇಕು.

2. ಕಚ್ಚಾ ವಸ್ತು: ಸೌದೆಗಾಗಿ ರೂಪಿಸಿದ ಘಟಕದಲ್ಲಿ ಭತ್ತದ ಹೊಟ್ಟನ್ನು ಬಳಸಬಾರದು. ಹಳಿಯಾಳ ಮತ್ತು ಮುಂಡಗೋಡದ ಅಕ್ಕಿ ಗಿರಣಿಗಳವರು ಹೊಟ್ಟಿಗೆಂದೇ ರೂಪಿಸಿದ ಘಟಕವನ್ನು ಕೇಳಿ ಪಡೆಯಬೇಕು.

3. ಅರಣ್ಯ: ಕಾಳಿ ಹುಲಿ ಸಂರಕ್ಷಿತ ಪ್ರದೇಶದಿಂದಾಗಲಿ, ಕಾಯ್ದಿಟ್ಟ ಅರಣ್ಯದಿಂದಾಗಲಿ ಅನುಮತಿಯಿಲ್ಲದೆ ಸೌದೆ ತರುವಂತಿಲ್ಲ. ಸೌದೆಯ ಕಾನೂನುಬದ್ಧ ಮೂಲವನ್ನು ದಾಖಲೆಯೊಂದಿಗೆ ತೋರಿಸಲು ಸಿದ್ಧರಿರಬೇಕು.

4. ತೊಳೆದ ನೀರು: ಅನಿಲದಿಂದ ತೆಗೆದ ಟಾರ್ ಇಲ್ಲವಾಗುವುದಿಲ್ಲ; ಅದು ನೀರಿಗೆ ಸೇರುತ್ತದೆ. ಫೀನಾಲ್ ಬೆರೆತ ಈ ನೀರನ್ನು ಕಾಳಿ ನದಿಗಾಗಲಿ, ಹಳ್ಳ, ಕೆರೆ, ಬಾವಿಗಳ ಬಳಿಗಾಗಲಿ ಬಿಡಬಾರದು. ಸಂಸ್ಕರಿಸಿ ಮರುಬಳಸುವ ವ್ಯವಸ್ಥೆ ಇರಬೇಕು. 1974ರ ಜಲ ಕಾಯ್ದೆ ಹಾಗೂ 1981ರ ವಾಯು ಕಾಯ್ದೆಗಳ ಅನ್ವಯ ಅಗತ್ಯವಿರುವ ಸಮ್ಮತಿಯ ಬಗ್ಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸತಕ್ಕದ್ದು.

5. ಸುರಕ್ಷತೆ: ಇಂಗಾಲದ ಮೊನಾಕ್ಸೈಡ್ ಕಲ್ಮಶವಲ್ಲ, ಇಂಧನವೇ ಆಗಿದೆ, ಆದ್ದರಿಂದ ಶುದ್ಧೀಕರಣದ ನಂತರವೂ ಅದು ಅನಿಲದಲ್ಲಿ ಉಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೋಣೆಯ ಗಾಳಿಯಲ್ಲಿ ಶೇ. 1ರಷ್ಟು ಬೆರೆತರೂ ಕೆಲವೇ ನಿಮಿಷಗಳಲ್ಲಿ ಪ್ರಾಣಹಾನಿಯಾಗಬಹುದು. ಘಟಕವು ಗಾಳಿಯಾಡುವ ತೆರೆದ ಶೆಡ್ಡಿನಲ್ಲಿರಬೇಕು. ಸೋರಿಕೆ ಸೂಚಕ ಕಡ್ಡಾಯವಾಗಿ ಇರಲಿ. ಶೋಧಕ ಸ್ವಚ್ಛಗೊಳಿಸುವ ಕೆಲಸಕ್ಕೆ ಒಬ್ಬರನ್ನೇ ಕಳುಹಿಸಬಾರದು.

ದರಪಟ್ಟಿ ಪಡೆಯುವಾಗ ಕೇಳಬೇಕಾದುದು

ಎಂಜಿನ್ನಿನ ಪ್ರವೇಶದಲ್ಲಿ ಟಾರ್ ಮತ್ತು ಧೂಳಿನ ಖಾತರಿ ಪ್ರಮಾಣ, ಯಾವ ಇಂಧನ ಹಾಗೂ ತೇವಾಂಶಕ್ಕೆ ಆ ಖಾತರಿ ಅನ್ವಯ, ಶೋಧಕ ಬದಲಿಸುವ ಅವಧಿ ಮತ್ತು ವೆಚ್ಚ, ಕೊಳಚೆ ನೀರಿನ ವಿಲೇವಾರಿ ವಿಧಾನ, ಇವಿಷ್ಟನ್ನೂ ಸರಬರಾಜುದಾರರಿಂದ ಲಿಖಿತ ರೂಪದಲ್ಲಿ ಪಡೆಯಬೇಕು. ಬಾಯಿಮಾತಿನ ಭರವಸೆಯ ಮೇಲೆ ಮುಂಗಡ ಪಾವತಿಸಬಾರದು. ವಿದ್ಯುತ್ತನ್ನು ಹೆಸ್ಕಾಂ ಜಾಲಕ್ಕೆ ಸೇರಿಸುವ ಉದ್ದೇಶವಿದ್ದಲ್ಲಿ, ಯಂತ್ರ ಖರೀದಿಗೆ ಮುನ್ನವೇ ಅನುಮತಿ ಪಡೆಯತಕ್ಕದ್ದು.

ಶಾಖದ ಅಗತ್ಯ ಮಾತ್ರ ಇರುವವರು ಸರಳ ಘಟಕವನ್ನೂ, ವಿದ್ಯುತ್ ಬೇಕಾದವರು ಪೂರ್ಣ ಶುದ್ಧೀಕರಣವಿರುವ ಘಟಕವನ್ನೂ ಆಯ್ಕೆ ಮಾಡಿಕೊಂಡು, ಮೇಲ್ಕಂಡ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸುವಂತೆ ಕೋರಲಾಗಿದೆ.